ನನ್ನವಲ್ಲದ ಹನ್ನೊಂದು ಅಂಕಿಗಳು

ನನ್ನ ಹೆಂಡತಿ ತೀರಿಕೊಂಡ ಮೂರನೇ ತಿಂಗಳಿಗೆ ನನ್ನ ಲೈಸೆನ್ಸಿನ ಅವಧಿ ಮುಗಿಯುವುದಿತ್ತು. ಲಾರಿ ಓಡಿಸುವವನ ಲೈಸೆನ್ಸು ಮುಂದುವರಿಯಬೇಕಾದರೆ ಡಾಕ್ಟರ ಸಹಿ ಇರುವ ಒಂದು ಫಾರಂ ಬೇಕು. ಕಣ್ಣು, ಕಿವಿ, ಕೈಕಾಲು ಸರಿಯಾಗಿವೆ, ಈ ಮನುಷ್ಯ ಗಾಡಿ ಓಡಿಸಬಹುದು ಎಂದು ಅವರು ಬರೆದುಕೊಡಬೇಕು. ನಾವು ಡ್ರೈವರುಗಳು ಅದನ್ನು ಮೆಡಿಕಲ್ಲು ಎನ್ನುತ್ತೇವೆ. ನನಗೆ ಐವತ್ಮೂರು ವರ್ಷ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಸಕ್ಕರೆ ಇರುವ ಡ್ರೈವರಿಗೆ ಮೆಡಿಕಲ್ಲು ಎಂದರೆ ಏನು ಎಂಬುದು ಸಕ್ಕರೆ ಇರುವ ಡ್ರೈವರಿಗೇ ಗೊತ್ತು.

ನಮ್ಮೂರು ಕಟ್ಟೆಮಳಲವಾಡಿ. ನಾನು ಓಡಿಸುವುದು ಕೆ.ಆರ್. ನಗರದ ಸಾಹುಕಾರರೊಬ್ಬರ ಲಾರಿ. ಅಲ್ಲಿನ ಗಿರಣಿಯಿಂದ ಅಕ್ಕಿ ತುಂಬಿಕೊಂಡು ಹುಣಸೂರು, ಎಚ್.ಡಿ. ಕೋಟೆ, ಎನ್. ಬೇಗೂರಿನ ಕಡೆಯ ಕಾಡು ದಾಟಿ ಕೇರಳಕ್ಕೆ ಇಳಿಸಿ ಬರುವುದು. ಕಾಡಿನ ಗೇಟು ಸಂಜೆ ಆರಕ್ಕೆ ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು. ಹಾಗಾಗಿ ಒಂದು ಟ್ರಿಪ್ಪಿಗೆ ಎರಡು ದಿನ, ಕೆಲವು ಸಲ ಮೂರು ದಿನ. ಈ ಕೆಲಸ ಬಿಟ್ಟು ನನಗೆ ಬೇರೆ ಬರುವುದಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ಕೂರುವುದಂತೂ ಬರುವುದೇ ಇಲ್ಲ. ಕಾರ್ಯ ಮುಗಿದ ಮೂರನೇ ದಿನವೇ ಲಾರಿ ಹತ್ತಿದೆ. ಊರಿನವರು ಏನಂದುಕೊಂಡರೋ ಗೊತ್ತಿಲ್ಲ. ಸ್ಟೀರಿಂಗ್ ಹಿಡಿದಿದ್ದರೆ ಕೈಗಳಿಗೆ ಒಂದು ಕೆಲಸ ಇರುತ್ತಿತ್ತು.

ಸಾಹುಕಾರರು ಒಂದು ತಿಂಗಳು ಮೊದಲೇ ಹೇಳಿದ್ದರು. "ಮೆಡಿಕಲ್ ಆಗ್ದೆ ಕೀ ಕೊಡಕಾಗಲ್ಲ ಕಣಪ್ಪ. ಹಾಳೆ ನೋಡ್ದೆ ಸಹಿ ಗೀಚೋರ ಹತ್ರ ಹೋಗ್ಬೇಡ. ನಾಳೆ ಏನಾರ ಆದ್ರೆ ನನ್ನ ತಲೆಗೆ ಬತ್ತದೆ. ಹುಣಸೂರಲ್ಲಿ ಆ ಲೇಡಿ ಡಾಕ್ಟ್ರ ಹತ್ರನೇ ಮಾಡಿಸ್ಕೊಂಡು ಬಾ."

ಆ ಡಾಕ್ಟರ ಹೆಸರು ಎತ್ತಿದರೆ ನಮ್ಮ ಡ್ರೈವರುಗಳು ಬೀಡಿ ಆರಿಸಿಬಿಡುತ್ತಿದ್ದರು. ಸಕ್ಕರೆ ಇದೆ ಎಂದು ಹೇಳಿದರೆ ಆಕೆ ಅಲ್ಲೇ ಬೆರಳು ಚುಚ್ಚಿ ನೋಡಿ ಬಿಡುವವರಲ್ಲ. ಮನೆಯಲ್ಲಿರುವ ಸಕ್ಕರೆ ನೋಡುವ ಮೀಟರು ತರಿಸುತ್ತಿದ್ದರು. ಹಿಂದೆ ಯಾವ ದಿನ ಎಷ್ಟು ಬಂದಿತ್ತು ಎಂದು ಅದರೊಳಗೆ ಹೋಗಿ ನೋಡುತ್ತಿದ್ದರು.

ಮೆಡಿಕಲ್ಲಿನ ದಿನ ಬೆಳಿಗ್ಗೆ ಪಿರಿಯಾಪಟ್ಟಣದ ಗೆಳೆಯ ಫೋನು ಮಾಡಿದ. ಅವನೂ ಲಾರಿಯವನು, ಅವನಿಗೂ ಸಕ್ಕರೆ.

"ಲೇ ಬಾವ, ಎದ್ಯಾ? ಏನಾರ ತಿಂದ್ಯಾ?"

"ಇಲ್ಲ ಕಣೋ, ಇನ್ನೂ ಇಲ್ಲ."

"ತಿನ್ಬ್ಯಾಡ. ಮಾತ್ರೆ ಎರಡು ಆಕ್ಕೊ, ಮೂರಾದ್ರೂ ತಪ್ಪಿಲ್ಲ. ಬರೀ ನೀರ್ ಕುಡ್ಕಂಡು ಓಗು. ಓದ್ಸಲ ನಾನು ಅಂಗೇ ಮಾಡಿದ್ದು. ತೊಂಬತ್ತೆಂಟು ಬಂತು. ಡಾಕ್ಟ್ರೇ ಕೈ ಕುಲುಕ್ಬುಟ್ರು."

"ಆಮೇಲೆ ಬಸ್ ಸ್ಟ್ಯಾಂಡಲ್ಲಿ ಬಿದ್ದಿದ್ದೆಯಲ್ಲೋ."

"ಬಿದ್ದಿದ್ದು ಸಹಿ ಆದ್ಮೇಲೆ ಕಣ್ಲಾ. ಸಹಿ ಆದ್ಮೇಲೆ ಎಲ್ ಬಿದ್ರೇನು?"

ಇದು ಅವನೊಬ್ಬನ ಬುದ್ಧಿಯಲ್ಲ. ನಮ್ಮಲ್ಲಿ ಸಕ್ಕರೆ ಇರುವವರೆಲ್ಲ ಮಾಡುತ್ತಿದ್ದುದೇ ಇದು. ಮೆಡಿಕಲ್ಲಿಗೆ ಮೂರು ದಿನ ಇರುವಾಗ ಅನ್ನ ಬಿಡುವುದು, ಹುರುಳಿ ಬೇಯಿಸಿದ ನೀರು ಕುಡಿಯುವುದು, ಹಾಗಲಕಾಯಿ ರಸ, ಮಧುನಾಶಿನಿ ಸೊಪ್ಪು. ಕೊನೆಯ ದಿನ ಖಾಲಿ ಹೊಟ್ಟೆಗೆ ಎರಡು ಮಾತ್ರೆ. ಆ ಒಂದು ಗಳಿಗೆಗೆ ಸಕ್ಕರೆ ತಗ್ಗುತ್ತದೆ. ಸಹಿ ಬೀಳುತ್ತದೆ. ಹೊರಗೆ ಬಂದು ಹೋಟೆಲಿಗೆ ಓಡುವುದು.

ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋದೆ. ಮಾತ್ರೆಯ ಡಬ್ಬ ಅವಳು ಇಟ್ಟ ಜಾಗದಲ್ಲೇ ಇತ್ತು, ಉಪ್ಪಿನ ಜಾಡಿಯ ಪಕ್ಕ. ಎರಡು ಮಾತ್ರೆ ಅಂಗೈಗೆ ಹಾಕಿಕೊಂಡೆ. ಲೋಟಕ್ಕೆ ನೀರು ಬಗ್ಗಿಸಿದೆ. ಮೂರು ತಿಂಗಳಿಂದ ನಾನು ಹೋಟೆಲಿನ ಅನ್ನ, ಕೇರಳದ ಪರೋಟ, ಸಿಕ್ಕಿದ ಕಡೆ ಚಾ, ಹೀಗೆ ಬದುಕಿದ್ದೆ. ಬೆರಳು ಚುಚ್ಚಿ ನೋಡಿಕೊಂಡಿದ್ದು ಬೆರಳೆಣಿಕೆಯಷ್ಟು ಸಲ. ಎಷ್ಟು ಬರುತ್ತದೋ ಎಂಬ ಭಯಕ್ಕೇ ಎಷ್ಟೋ ದಿನ ನೋಡುತ್ತಿರಲಿಲ್ಲ. ಇಂದು ಸಹಿ ಬೀಳದಿದ್ದರೆ ಲಾರಿ ಇಲ್ಲ. ಲಾರಿ ಇಲ್ಲದಿದ್ದರೆ ಈ ಮನೆಯೊಳಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನೊಬ್ಬ.

ಮಾತ್ರೆ ಬಾಯಿಗೆ ಹಾಕಲಾಗಲಿಲ್ಲ. ಹಿಂದಿನ ಸಲದ ಮೆಡಿಕಲ್ಲು ನೆನಪಾಯಿತು.

ಐದು ವರ್ಷದ ಹಿಂದಿನ ಮಾತು. ಆಗ ನಾನೂ ಅನ್ನ ಬಿಟ್ಟಿದ್ದೆ, ಎರಡು ಮಾತ್ರೆ ನುಂಗಿದ್ದೆ. ನೂರ ಹತ್ತು ಬಂದು ಬೇರೊಬ್ಬ ಡಾಕ್ಟರು ಖುಷಿಯಿಂದ ಸಹಿ ಹಾಕಿಕೊಟ್ಟಿದ್ದರು. ಅಂದೇ ಕೋಟೆ ಕಡೆಗೆ ಒಂದು ಲೋಡು ಗೊಬ್ಬರ ಇತ್ತು. ಅವಳ ತವರು ಕೋಟೆ ಹತ್ತಿರದ ಹಳ್ಳಿ. ಅಲ್ಲಿ ದೇವರ ಪೂಜೆ ಇದೆ, ನನ್ನನ್ನು ಅಲ್ಲಿಗೆ ಬಿಡಿ ಎಂದು ಅವಳೂ ಕ್ಯಾಬಿನ್ನು ಹತ್ತಿ ಕೂತಳು. ಹೊತ್ತಾಗಿತ್ತು, ಕೋಟೆಯಲ್ಲೇ ಊಟ ಮಾಡೋಣ ಎಂದು ನಾನು ಹಾಗೇ ಹೊರಟೆ.

ಹುಣಸೂರು ದಾಟಿ ಸ್ವಲ್ಪ ದೂರಕ್ಕೆ ಬೆವರಲು ಶುರುವಾಯಿತು. ಬಿಸಿಲಿಗೆ ಎಂದುಕೊಂಡೆ. ಆಮೇಲೆ ಕೈ ನಡುಗಿತು. ಎದುರಿಗೆ ಬರುವ ಬಸ್ಸು ಎರಡು ಬಸ್ಸಾಗಿ ಕಂಡಿತು. ಯಾವ ಬಸ್ಸಿಗೆ ದಾರಿ ಬಿಡಬೇಕು ಎಂದು ನಾನು ನಿಧಾನವಾಗಿ ಯೋಚಿಸುತ್ತಿದ್ದೆ. ಅದು ಈಗಲೂ ನೆನಪಿದೆ. ನನಗೆ ಭಯವೇ ಆಗಲಿಲ್ಲ. ಸಕ್ಕರೆ ತೀರಾ ಕೆಳಗಿಳಿದರೆ ಮನುಷ್ಯನಿಗೆ ಭಯ ಪಡುವಷ್ಟೂ ಬುದ್ಧಿ ಇರುವುದಿಲ್ಲ.

"ರೀ, ಎಡಕ್ಕೆ! ಎಡಕ್ಕೆ ತಗೊಳ್ರೀ!" ಎಂದು ಅವಳು ಕೂಗಿದಳು. ನಾನು ಅವಳ ಮುಖ ನೋಡಿ ನಕ್ಕೆನಂತೆ. ಅವಳು ಎದ್ದು ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು ಎಳೆದಳು. ಬಸ್ಸಿನವನ ಹಾರನ್ನು ಕಿವಿಯೊಳಗೇ ಹೋದ ಹಾಗಾಯಿತು. "ಬ್ರೇಕು! ಕಾಲು, ಕಾಲು!" ಎಂದು ನನ್ನ ತೊಡೆಗೆ ಹೊಡೆದಳು. ಹೇಗೋ ಕಾಲು ಒತ್ತಿತು. ಲಾರಿ ಹುಣಸೆಮರದ ಬುಡಕ್ಕೆ ಒಂದು ಮಾರು ಇರುವಾಗ ನಿಂತಿತು. ಅವಳು ಪೂಜೆಗೆ ಎಂದು ತಂದ ಗಂಟು ಬಿಚ್ಚಿ ಒಂದು ಅಚ್ಚು ಬೆಲ್ಲ ತೆಗೆದು ನನ್ನ ಬಾಯಿಗೆ ತುರುಕಿದಳು. ನಾನು ಉಗುಳಿದೆ. ಮತ್ತೆ ತುರುಕಿ ದವಡೆ ಒತ್ತಿ ಹಿಡಿದಳು. ದೇವರ ಬೆಲ್ಲ ಎಂದು ನಾನು ಗೊಣಗಿದೆನಂತೆ. "ದೇವ್ರಿಗೆ ಬ್ಯಾರೆ ತಕ್ಕೊಡ್ತೀನಿ, ಮೊದ್ಲು ಚೀಪಿ" ಎಂದಳು.

ಕಾಲು ಗಂಟೆಯಲ್ಲಿ ಎದುರಿನ ಗಾಡಿ ಒಂದೇ ಆಗಿ, ರಸ್ತೆ ಒಂದೇ ಆಗಿ ಕಾಣತೊಡಗಿತು. ಆಗ ಭಯವಾಯಿತು. ಎರಡು ಮಾತ್ರೆಯ ವಿಷಯ ಹೇಳಿದೆ. ಅವಳು ಪೂಜೆಯ ಗಂಟನ್ನು ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು: "ಡಾಕ್ಟ್ರು ಕಣ್ಗೆ ಮಣ್ಣೆರಚಿದ್ರಿ, ಸರಿ. ರೋಡಿನ ಕಣ್ಗೆ ಎರಚಕಾದದಾ?"

ಮುಂದಿನ ವಾರವೇ ಹುಣಸೂರಿನ ಮೆಡಿಕಲ್ ಸ್ಟೋರಿನಿಂದ ಸಕ್ಕರೆ ನೋಡುವ ಮೀಟರು ಬಂತು. ಅಂಗಡಿಯವರ ಹತ್ತಿರವೇ ಕೂತು ತಾರೀಕು, ಗಂಟೆ ಎಲ್ಲ ಸರಿಯಾಗಿ ಹಾಕಿಸಿಕೊಂಡು ಬಂದಿದ್ದಳು. ಏಳನೇ ಕ್ಲಾಸು ಓದಿದವಳು. ಗಡಿಯಾರ ತಪ್ಪಾಗಿದ್ದರೆ ಅವಳು ಸಹಿಸುತ್ತಿರಲಿಲ್ಲ. ಕ್ಯಾಬಿನ್ನಿನ ಬಿಸಿಗೆ ರಕ್ತ ಹಾಕುವ ಸ್ಟ್ರಿಪ್ಪುಗಳು ಕೆಡುತ್ತವೆ ಎಂದು ಅಂಗಡಿಯವರು ಹೇಳಿದ್ದರಿಂದ ಮೀಟರು ಯಾವತ್ತೂ ಲಾರಿ ಹತ್ತಲಿಲ್ಲ. ಮನೆಯಲ್ಲೇ ಇತ್ತು. ನಾನು ಟ್ರಿಪ್ಪಿನಿಂದ ಬಂದರೆ ಕಾಲು ತೊಳೆಯುವ ಮೊದಲು ಬೆರಳು ಕೊಡಬೇಕು. ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು. ಹೆಚ್ಚು ಬಂದರೆ ಬೈಯುತ್ತಿರಲಿಲ್ಲ. ಮುದ್ದೆಯ ಗಾತ್ರ ಚಿಕ್ಕದಾಗುತ್ತಿತ್ತು, ಅಷ್ಟೇ.

ಹೋದ ವರ್ಷದಿಂದ ಅವಳ ಬಾಯಲ್ಲಿ ಒಂದೇ ಮಾತು: "ನಿಮ್ಮ ಮೆಡಿಕಲ್ ಮುಗೀಲಿ." ಮನೆಗೆ ಸುಣ್ಣ ಹೊಡೆಸೋಣ ಎಂದರೆ ನಿಮ್ಮ ಮೆಡಿಕಲ್ ಮುಗೀಲಿ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದರೆ ಮೆಡಿಕಲ್ ಮುಗೀಲಿ. ಅವಳ ಹಲ್ಲು ಅಲ್ಲಾಡುತ್ತಿತ್ತು, ವಸಡು ಊದಿಕೊಂಡಿತ್ತು. ಕೀಳಿಸಿಕೊಂಡು ಬರೋಣ ನಡಿ ಎಂದರೆ ಅದಕ್ಕೂ ಅದೇ. ಸಹಿ ಬೀಳುವವರೆಗೆ ಮನೆಯಲ್ಲಿ ಬೇರೆ ಯಾವ ಕಾಯಿಲೆಗೂ ಜಾಗವಿಲ್ಲ ಎನ್ನುವ ಹಾಗೆ.

ಇಷ್ಟೆಲ್ಲ ನೆನೆದುಕೊಂಡು ನಾನು ಒಂದು ಮಾತ್ರೆಯನ್ನು ಡಬ್ಬಕ್ಕೆ ಹಾಕಿದೆ. ರಾತ್ರಿ ನೆರೆಯವರು ಕೊಟ್ಟಿದ್ದ ಮುದ್ದೆ ಅರ್ಧ ಇತ್ತು. ಉಪ್ಸಾರು ಬಿಸಿ ಮಾಡಿಕೊಂಡು ತಿಂದು, ಇನ್ನೊಂದನ್ನು ನುಂಗಿದೆ. ಮೀಟರು, ಫಾರಂ, ಲೈಸೆನ್ಸು, ಟ್ರಿಪ್ ಬುಕ್ಕು ಒಂದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಟ್ರಿಪ್ ಬುಕ್ಕು ಎಂದರೆ ಯಾವ ದಿನ ಎಲ್ಲಿ ಲೋಡು, ಯಾವಾಗ ಗೇಟು ದಾಟಿದ್ದು, ಯಾವಾಗ ಇಳಿಸಿದ್ದು ಎಂದು ನಾನು ಬರೆದಿಡುವ ಪುಸ್ತಕ. ಅದನ್ನು ಮೆಡಿಕಲ್ಲಿಗೆ ಯಾರೂ ಕೇಳುವುದಿಲ್ಲ. ಚೀಲದಲ್ಲಿ ಸದಾ ಇರುತ್ತದೆ, ಹಾಗೇ ಬಂತು.

ಡಾಕ್ಟರಿಗೆ ನಲವತ್ತು ದಾಟಿರಬಹುದು. ಕಣ್ಣು ನೋಡಿದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಬಿ.ಪಿ. ನೋಡಿದರು. ಶೂ ಬಿಚ್ಚಿಸಿ ಪಾದದ ಅಡಿಗೆ ಪೆನ್ನಿನ ತುದಿ ತಾಗಿಸಿ, "ಗೊತ್ತಾಗುತ್ತಾ?" ಎಂದರು. ಗೊತ್ತಾಗುತ್ತಿತ್ತು. ಅವರದೇ ಮಿಶನ್ನಿನಲ್ಲಿ ಬೆರಳು ಚುಚ್ಚಿ ನೋಡಿದರು. ತಿಂದು ಬಂದಿದ್ದಕ್ಕೆ ನೂರ ಎಂಬತ್ತೆರಡು.

"ತಿಂದು ಬಂದಿದೀರ? ನಿಜ ಹೇಳ್ತಿದೀರ?"

"ಹೌದು ಮೇಡಂ. ಅರ್ಧ ಮುದ್ದೆ."

"ಈ ವರ್ಷ ತಿಂದು ಬಂದಿರೋ ಮೊದಲನೇ ಡ್ರೈವರ್ ನೀವು" ಎಂದು ನಕ್ಕರು. ನನಗೆ ಸ್ವಲ್ಪ ಉಸಿರು ಬಂತು. "ಮೀಟರ್ ಕೊಡಿ."

ಕೊಟ್ಟೆ. ಅವರು ಗುಂಡಿ ಒತ್ತುತ್ತಾ ಹೋದರು. "ಮೂರು ತಿಂಗಳಲ್ಲಿ ಒಂಬತ್ತೇ ಸಲ ನೋಡ್ಕೊಂಡಿದೀರಿ. ಯಾಕೆ?"

ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವರು ಇನ್ನೂ ಹಿಂದೆ ಹೋದರು. ಒಂದು ಕಡೆ ಬೆರಳು ನಿಂತಿತು. ಮತ್ತೆ ಒತ್ತಿದರು. ಮತ್ತೆ ನಿಂತಿತು. ನಗು ಹೋಗಿತ್ತು. ಮೀಟರನ್ನು ನನ್ನ ಕಡೆ ತಿರುಗಿಸಿದರು.

"ಇದೇನಿದು?"

ಮುನ್ನೂರ ಐವತ್ತಾರು ಎಂದು ಇತ್ತು. ಗಂಟೆ ಬೆಳಿಗ್ಗೆ ಹತ್ತೂ ಮುಕ್ಕಾಲು.

"ಇದಕ್ಕಿಂತ ಮುಂಚೆ ಮುನ್ನೂರ ತೊಂಬತ್ತೊಂದು ಇದೆ. ಅದರ ಹಿಂದೆ ಇನ್ನೊಂದು. ಮಧ್ಯ ಮಧ್ಯ ನೂರ ನಲವತ್ತು, ನೂರ ಅರವತ್ತು ಅಂತ ಚೆನ್ನಾಗೇ ಇದೆ. ಒಂದಿನ ನೂರ ಐವತ್ತು, ಮಾರನೇ ದಿನ ಮುನ್ನೂರ ಎಂಬತ್ತು. ಹೀಗೆ ಹಾರಾಡೋ ಸಕ್ಕರೆ ಇಟ್ಕೊಂಡು ಹತ್ತು ಟನ್ ಗಾಡಿ ಓಡಿಸ್ತೀರಾ? ಕುಡಿತೀರಾ?"

"ಇಲ್ಲ ಮೇಡಂ. ಅದು ನಂದಲ್ಲ."

ಅವರು ಮೀಟರನ್ನು ಮೇಜಿನ ಮೇಲೆ ಇಟ್ಟರು. ಫಾರಮ್ಮಿನ ಮೇಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಆ ಮುಚ್ಚಳದ ಸಣ್ಣ ಶಬ್ದ ನನಗೆ ಇವತ್ತೂ ಕೇಳುತ್ತದೆ.

"ಎಲ್ಲರೂ ಹೀಗೇ ಹೇಳ್ತಾರೆ. ಪಕ್ಕದ ಮನೆಯವರದು, ಅತ್ತೆಯದು, ಮಿಶನ್ ಕೆಟ್ಟಿತ್ತು. ನಾನು ಸಹಿ ಹಾಕಲ್ಲ ಯಜಮಾನ್ರೇ. ಆರು ತಿಂಗಳು ಬಿಟ್ಟು ಬನ್ನಿ."

ಆರು ತಿಂಗಳು. ನನಗೆ ಮುನ್ನೂರ ಐವತ್ತಾರು ಯಾವತ್ತೂ ಬಂದಿರಲಿಲ್ಲ. ಬಂದಿದ್ದರೆ ಅವಳು ಸುಮ್ಮನೆ ಬಿಡುತ್ತಿದ್ದಳಾ? ತಾರೀಕು ನೋಡಿದೆ. ಅವಳು ಹೋದದ್ದಕ್ಕೆ ಆರು ದಿನ ಹಿಂದಿನದು. ಚೀಲದಿಂದ ಟ್ರಿಪ್ ಬುಕ್ಕು ತೆಗೆದೆ.

"ನೋಡಿ ಮೇಡಂ. ಅವತ್ತು ನಾನು ಕೇರಳದಲ್ಲಿ. ಬೆಳಿಗ್ಗೆ ಗೇಟ್ ದಾಟಿದ್ದು ಆರೂ ಇಪ್ಪತ್ತಕ್ಕೆ. ಹತ್ತೂ ಮುಕ್ಕಾಲಿಗೆ ಅಲ್ಲಿ ಅಕ್ಕಿ ಇಳಿಸ್ತಾ ಇದ್ದೆ. ಮೀಟ್ರು ಮನೇಲಿತ್ತು. ಅದು ಗಾಡಿ ಹತ್ತಲ್ಲ."

ಅವರು ಪುಸ್ತಕ ಎಳೆದುಕೊಂಡು ನೋಡಿದರು. ಮೀಟರು ನೋಡಿದರು. ಮುನ್ನೂರ ತೊಂಬತ್ತೊಂದರ ತಾರೀಕು ಕೇಳಿದರು. ಅಂದೂ ನಾನು ಕೇರಳದ ದಾರಿಯಲ್ಲಿದ್ದೆ. ಮೂರನೆಯದಕ್ಕೂ ಹಾಗೇ.

"ಮನೇಲಿ ಇನ್ಯಾರಿದಾರೆ?"

"ನನ್ನ ಹೆಂಡ್ತಿ..." ಎಂದೆ.

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ದನಿಯೇ ಬೇರೆಯಾಯಿತು. "ಹಾಗಾದ್ರೆ ಇದು ಅವ್ರದು. ಅವ್ರು ಮಾತ್ರೆ ತಗೋತಿದಾರಾ? ತಗೋತಿಲ್ಲ ಅನ್ಸುತ್ತೆ. ಇವತ್ತೇ ಕರ್ಕೊಂಡು ಬನ್ನಿ. ನಿಮ್ಮ ಫಾರಂ ಇರ್ಲಿ, ಮೊದಲು ಅವ್ರನ್ನ ಕರ್ಕೊಂಡು ಬನ್ನಿ. ಇಷ್ಟು ಇಟ್ಕೊಂಡು ಕೂರೋದು ಒಳ್ಳೇದಲ್ಲ."

ನಾನು ಹೇಳಿದೆ. ಮೂರು ತಿಂಗಳಾಯಿತು ಎಂದೆ.

ಅವರು ಮೀಟರನ್ನು ನನ್ನ ಕಡೆ ಸರಿಸಿದರು. ಹೊರಗೆ ಕಾಯುತ್ತಿದ್ದ ಮಗುವೊಂದು ಅಳುತ್ತಿತ್ತು. "ಹೇಗಾಯ್ತು?" ಎಂದು ಕೇಳಿದರು.

ಹೇಳಿದೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಟ್ರಿಪ್ಪಿನಿಂದ ಬಂದಾಗ ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಬೆನ್ನು ಉರಿ, ಗ್ಯಾಸು ಇರಬೇಕು ಎಂದಳು. ಜೀರಿಗೆ ಕಷಾಯ ಕುಡಿದಿದ್ದಳು. ಸೀರೆಯೆಲ್ಲ ಬೆವರಿನಲ್ಲಿ ಒದ್ದೆ. ಎದೆನೋವು ಇಲ್ಲ ಎಂದಳು. ಆ ಸ್ಥಿತಿಯಲ್ಲೂ ಎದ್ದು ಮೀಟರು ತರಲು ಹೋದಳು, ನನ್ನ ಬೆರಳು ನೋಡಲು. ನಾನೇ ಬೈದು ಕೂರಿಸಿ ಆಟೋದಲ್ಲಿ ಹುಣಸೂರು ಆಸ್ಪತ್ರೆಗೆ ಕರೆದುಕೊಂಡು ಬಂದೆ. ಅಲ್ಲಿ ಚೀಟಿ ಬರೆಯುವವರು ಕೇಳಿದರು: ಬಿ.ಪಿ. ಇದೆಯಾ, ಶುಗರ್ ಇದೆಯಾ? ನಾನು ಹೇಳಿದೆ: "ಇಲ್ಲ. ಶುಗರ್ ನನಗಿರೋದು. ಇವಳಿಗೆ ಏನೂ ಇಲ್ಲ."

ಅವಳು ಮಂಚದ ಮೇಲಿಂದ ಅದನ್ನು ಕೇಳಿಸಿಕೊಂಡಳು. ನನ್ನ ಮುಖ ನೋಡಿದಳು. ಏನೋ ಹೇಳಬೇಕು ಎನ್ನುವ ಹಾಗೆ ತುಟಿ ಅಲ್ಲಾಡಿತು. ನೋವಿಗೆ ಎಂದುಕೊಂಡೆ. ಹೃದಯದ ತೊಂದರೆ, ಮೈಸೂರಿಗೆ ಹೋಗಿ ಎಂದರು. ಆಂಬುಲೆನ್ಸು ಬಿಳಿಕೆರೆ ಮುಟ್ಟುವ ಮೊದಲೇ ಅವಳ ಕೈ ನನ್ನ ಕೈಯಲ್ಲಿ ಸಡಿಲವಾಯಿತು.

"ಹೇಳಿದ್ದಿದ್ರೆ ಬದುಕ್ತಿದ್ಲಾ ಮೇಡಂ?"

"ಅದನ್ನ ನಾನು ಹೇಳೋಕಾಗಲ್ಲ" ಎಂದರು. "ಸಕ್ಕರೆ ಇರೋರಿಗೆ ಕೆಲವು ಸಲ ಎದೆನೋವೇ ಬರಲ್ಲ. ನೀವು ನಿಮಗೆ ಗೊತ್ತಿದ್ದಿದ್ದನ್ನ ಹೇಳಿದ್ರಿ." ಅದು ಸಮಾಧಾನವೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ.

ಆಮೇಲೆ ಅವರು ಮತ್ತೆ ಡಾಕ್ಟರಾದರು. ಮೂರು ತಿಂಗಳ ಸಕ್ಕರೆ ಹೇಗಿತ್ತು ಎಂದು ತಿಳಿಯುವ ರಕ್ತ ಪರೀಕ್ಷೆ ಇದೆ, ಅದಕ್ಕೆ ಉಪವಾಸ, ಮಾತ್ರೆ ಯಾವುದರಿಂದಲೂ ಮೋಸ ಮಾಡಲಾಗದು, ಪಕ್ಕದ ಲ್ಯಾಬಿನಲ್ಲಿ ಕೊಟ್ಟು ಎರಡು ಗಂಟೆಗೆ ಬನ್ನಿ ಎಂದರು. "ಎಂಟರ ಒಳಗೆ ಬಂದ್ರೆ ಸಹಿ. ಮೇಲೆ ಬಂದ್ರೆ ನನ್ನ ಕೇಳ್ಬೇಡಿ. ನಿಮ್ಮ ಮೇಲೆ ನನಗೆ ಮರುಕ ಇದೆ. ಆದರೆ ಮರುಕಕ್ಕೆ ಸಹಿ ಹಾಕಕ್ಕಾಗಲ್ಲ."

ರಕ್ತ ಕೊಟ್ಟು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಕೂತೆ. ಎರಡು ಗಂಟೆಗೆ ಇನ್ನೂ ಮೂರು ಗಂಟೆ ಇತ್ತು. ಸಹಿಯ ಯೋಚನೆ ಒಂದು ಕಡೆ. ಮೂರು ತಿಂಗಳು ತಿಂದ ಪರೋಟಗಳೆಲ್ಲ ಈಗ ಆ ಲ್ಯಾಬಿನ ಸೀಸೆಯಲ್ಲಿ ಸಾಕ್ಷಿ ಹೇಳುತ್ತಿವೆ ಎನಿಸುತ್ತಿತ್ತು. ಕೂರಲಾಗದೆ ಮೀಟರು ತೆಗೆದು ತೊಡೆಯ ಮೇಲೆ ಟ್ರಿಪ್ ಬುಕ್ಕು ಇಟ್ಟುಕೊಂಡೆ. ಗುಂಡಿ ಒತ್ತುತ್ತಾ ಹಿಂದೆ ಹಿಂದೆ ಹೋದೆ.

ನನ್ನವಲ್ಲದ ಅಂಕಿಗಳು ಹನ್ನೊಂದು ಸಿಕ್ಕವು. ಹನ್ನೊಂದೂ ನಾನು ಮನೆಯಲ್ಲಿ ಇಲ್ಲದ ದಿನಗಳವು. ಹನ್ನೊಂದೂ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯ ಒಳಗೆ. ಹಸುವಿಗೆ ಹುಲ್ಲು ಹಾಕಿ, ಪಾತ್ರೆ ತೊಳೆದು, ನೆರೆಯವರು ಹೊಲಕ್ಕೆ ಹೋದ ಮೇಲಿನ ಹೊತ್ತು. ಎಲ್ಲಕ್ಕಿಂತ ಹಿಂದಿನದು ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗಿನದು, ಮುನ್ನೂರ ಎಂಬತ್ತೆರಡು. ಹಬ್ಬ ಕಳೆದು ಒಂದು, ಇನ್ನೂರ ತೊಂಬತ್ತೆಂಟು. ಆಮೇಲೆ ಇನ್ನೂರ ಎಪ್ಪತ್ತು. ಆ ಹೊತ್ತಿನಲ್ಲಿ ಅವಳು ರಾತ್ರಿ ಊಟ ಬಿಟ್ಟಿದ್ದಳು. ಸೋಮವಾರ, ಶನಿವಾರ ಒಪ್ಪತ್ತು ಎಂದು ದೇವರ ಮೇಲೆ ಹೇಳಿದ್ದಳು. ದಸರಾ ಕಳೆದ ಮೇಲೆ ಅಂಕಿಗಳು ಮತ್ತೆ ಮೇಲೇರಿದ್ದವು. ಒಪ್ಪತ್ತಿಗೆ ಬಗ್ಗುವ ಸಕ್ಕರೆ ಅಲ್ಲ ಅದು.

ಅದೇ ದಿನಗಳಲ್ಲಿ ನಾನು ಅವಳನ್ನು ಕಿಚಾಯಿಸಿದ್ದೆ. ಐವತ್ತು ಸ್ಟ್ರಿಪ್ಪಿನ ಡಬ್ಬ ಬೇಗ ಖಾಲಿಯಾಗಿತ್ತು. "ಏನೇ, ಸ್ಟ್ರಿಪ್ಪನ್ನ ಇಲಿ ಗಿಲಿ ತಿಂತಾವಾ?"

"ಒಂದೆರಡು ತಪ್ಪು ಬತ್ತವೆ ಕಣ್ರೀ. ರಕ್ತ ಸಾಲದು ಅಂತದೆ, ಬಿಸಾಕ್ತೀನಿ."

"ನನ್ನ ರಕ್ತ ಸಾಲದಂತಾ? ಇನ್ನೆಷ್ಟು ಇಂಡ್ತೀಯ?"

"ಇಂಡ್ತೀನಿ. ಸಹಿ ಬೀಳೋಗಂಟ ಇಂಡ್ತೀನಿ. ಬೆರಳು ಕೊಡಿ ಸುಮ್ನೆ."

ನಾವಿಬ್ಬರೂ ನಕ್ಕಿದ್ದೆವು.

ನನ್ನ ಬೆರಳು ಹಿಡಿಯುವಾಗ ಅವಳ ಬೆರಳ ತುದಿ ನನಗೆ ಕಾಣಬೇಕಿತ್ತು. ಚುಚ್ಚಿದ ಕಪ್ಪು ಚುಕ್ಕೆ ಇರುತ್ತದೆ, ನನಗೆ ಚೆನ್ನಾಗಿ ಗೊತ್ತು. ರಾಗಿ ಬೀಸಿದ, ಸೌದೆ ಮುರಿದ, ಹೊಗೆಸೊಪ್ಪು ಪೋಣಿಸಿದ ಬೆರಳುಗಳು. ಅವುಗಳಲ್ಲಿ ಯಾವ ಚುಕ್ಕೆ ಯಾವುದರದು ಎಂದು ನಾನು ಯಾವತ್ತೂ ನೋಡಲಿಲ್ಲ.

ಕೆ.ಆರ್. ನಗರದಲ್ಲಿರುವ ಮಗಳಿಗೆ ಫೋನು ಮಾಡಿದೆ. ಸಹಿ ಆಯಿತಾ ಅಪ್ಪ ಎಂದಳು. ಇಲ್ಲ ಎಂದು, ಮೀಟರಿನ ವಿಷಯ ಹೇಳಿದೆ.

"ಗೌರಿ ಹಬ್ಬಕ್ಕೆ ಒಬ್ಬಟ್ಟು ಮುಟ್ಟಲಿಲ್ಲ ಕಣಪ್ಪ ಅವ್ವ" ಎಂದಳು. "ಹಲ್ಲು ನೋವು ಅಂದ್ಲು. ನಾನು ಹಾಲು ಸಕ್ರೆ ಹಾಕಿ ನೆನೆಸಿ ಕೊಡ್ತೀನಿ, ಮೆತ್ತಗಾಯ್ತದೆ ಅಂದೆ. ಬ್ಯಾಡ ಅಂದ್ರೆ ಬ್ಯಾಡ ಅಂತ ರೇಗ್ಬುಟ್ಲು. ಯಾವತ್ತೂ ನನ್ ಮೇಲೆ ರೇಗಿರ್ಲಿಲ್ಲ."

"ನೀನೂ ಒಂದ್ಸಲ ನೋಡಿಸ್ಕೊ ಮಗ."

"ನೋಡಿಸ್ಕೋತೀನಿ."

"ನಾಳೆ ಅಂದ್ರೆ ನಾಳೆನೇ. ಅಪ್ಪನ ಟ್ರಿಪ್ಪು, ಅಪ್ಪನ ಮೆಡಿಕಲ್ಲು, ಅದೆಲ್ಲ ಮುಗೀಲಿ ಅನ್ಬೇಡ."

ಅವಳು ಅತ್ತಳು. ನಾನು ಬೆಂಚಿನ ಮೇಲೆ ಜನ ಇದ್ದುದರಿಂದ ಅಳಲಿಲ್ಲ.

ನನ್ನ ಹೆಂಡತಿ ಯಾಕೆ ಹೇಳಲಿಲ್ಲ ಎಂದು ಆ ಮೂರು ಗಂಟೆ ಯೋಚಿಸಿದೆ. ಹೇಳಿದ್ದರೆ ನಾನು ಟ್ರಿಪ್ಪು ಬಿಟ್ಟು ಅವಳನ್ನು ಆಸ್ಪತ್ರೆಗೆ ಸುತ್ತಿಸುತ್ತಿದ್ದೆ, ಹೊತ್ತಿಗೆ ತಿನ್ನದೆ ನನ್ನ ಸಕ್ಕರೆ ಏರುತ್ತಿತ್ತು, ಮೆಡಿಕಲ್ಲು ಕೈಬಿಡುತ್ತಿತ್ತು ಎಂದು ಲೆಕ್ಕ ಹಾಕಿರಬೇಕು. ಇಲ್ಲವೇ ಭಯವಿರಬೇಕು. ನನಗಿದ್ದಂಥದೇ ಭಯ, ಅಂಕಿ ನೋಡುವ ಭಯ. ಆದರೆ ಅವಳು ಹನ್ನೊಂದು ಸಲ ನೋಡಿದ್ದಳು. ನನಗೆ ಒಂದು ಅಂಕಿಯಲ್ಲೂ ಸುಳ್ಳು ಹೇಳಲು ಬಿಡದವಳು ತನ್ನ ಹನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವಳ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಅವಳು ತೀರಿಕೊಂಡ ದಿನವೂ ಬಂದಿರಲಿಲ್ಲ.

ಎರಡು ಗಂಟೆಗೆ ಲ್ಯಾಬಿನವರು ಕವರು ಕೊಟ್ಟರು. ನಾನು ತೆರೆಯಲಿಲ್ಲ. ಡಾಕ್ಟರು ಊಟ ಮುಗಿಸಿ ಬರುವಾಗ ಎರಡೂವರೆಯಾಯಿತು. ಕವರು ಹರಿದು, ಹಾಳೆ ಬಿಡಿಸಿ, ಕನ್ನಡಕ ಹಾಕಿಕೊಂಡು ನೋಡಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ, ಪೆನ್ನಿನ ಕಡೆ ಹೋಗುತ್ತದೋ ಇಲ್ಲವೋ ಎಂದು.

"ಏಳು ಪಾಯಿಂಟ್ ಎಂಟು."

ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಲೆಕ್ಕ ಹಾಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕೂದಲೆಳೆಯಲ್ಲಿ ಪಾರಾಗಿದೀರಿ. ಮೂರು ತಿಂಗಳು ಹೀಗೆ ಬಿಟ್ಟಿದ್ದಕ್ಕೆ ಇಷ್ಟು. ಇನ್ನು ಮೂರು ತಿಂಗಳು ಹೀಗೇ ಬಿಟ್ರೆ ಒಂಬತ್ತು." ಮುಚ್ಚಳ ತೆಗೆದರು. "ಸಹಿ ಹಾಕ್ತೀನಿ. ದಿನಾ ಬೆಳಿಗ್ಗೆ ನೋಡ್ಕೋಬೇಕು. ಟ್ರಿಪ್ಪಿಗೆ ಹೋದ್ರೂ ತಣ್ಣಗಿರೋ ಡಬ್ಬದಲ್ಲಿ ಇಟ್ಕೊಂಡು ಹೋಗಿ. ತಿಂಗಳಿಗೊಂದ್ಸಲ ಈ ಮೀಟರ್ ತಂದು ನನಗೆ ತೋರಿಸ್ಬೇಕು. ತೋರಿಸ್ದೇ ಇದ್ರೆ ನಿಮ್ಮ ಓನರಿಗೆ ನಾನೇ ಫೋನ್ ಮಾಡ್ತೀನಿ."

"ಸರಿ ಮೇಡಂ."

ಅವರು ಸಹಿ ಹಾಕಿದರು, ಸೀಲು ಒತ್ತಿದರು. ಐದು ವರ್ಷದಿಂದ ಒಬ್ಬಳು ಕಾದಿದ್ದ ಸಹಿ. ಮೇಜಿನ ಈ ಕಡೆ ನಾನೊಬ್ಬನೇ ಇದ್ದೆ.

ಸ್ಟ್ರಿಪ್ಪು ತೆಗೆದುಕೊಳ್ಳಲು ಮೆಡಿಕಲ್ ಸ್ಟೋರಿಗೆ ಹೋದೆ. ಅವಳಿಗೆ ಮೀಟರು ಮಾರಿದ ಅಂಗಡಿಯವರೇ. ಇದರೊಳಗೆ ಹಳೆಯದೆಲ್ಲ ಹಾಗೇ ಇರುತ್ತದಾ ಎಂದು ಕೇಳಿದೆ.

"ನೂರು ಇರ್ತವೆ ಯಜಮಾನ್ರೇ. ನೂರು ತುಂಬಿದ್ಮೇಲೆ ಹೊಸದೊಂದು ಬಂದ್ರೆ ಹಳೇದೊಂದು ಹೋಗುತ್ತೆ, ತಾನಾಗೇ."

ಬಸ್ಸಿನಲ್ಲಿ ಕೂತು ಎಣಿಸಿದೆ. ನೂರು ತುಂಬಿತ್ತು. ನೂರನೆಯದು, ಎಲ್ಲಕ್ಕಿಂತ ಹಳೆಯದು, ಗೌರಿ ಹಬ್ಬದ ಮೊದಲಿನ ಮುನ್ನೂರ ಎಂಬತ್ತೆರಡೇ. ನಾಳೆ ಬೆಳಿಗ್ಗೆ ನಾನು ಬೆರಳು ಚುಚ್ಚಿದರೆ ಅದು ಹೋಗುತ್ತದೆ. ಅದರ ಹಿಂದೆ ಇನ್ನೆಷ್ಟು ಇದ್ದು ಹೋದವೋ, ಅವಳು ಮೊದಲ ಸಲ ನೋಡಿಕೊಂಡದ್ದು ಯಾವತ್ತೋ, ಅದು ನನಗೆ ಎಂದೂ ತಿಳಿಯುವುದಿಲ್ಲ. ನನ್ನವೇ ಅಂಕಿಗಳು ಒಂದೊಂದಾಗಿ ಅವನ್ನು ತಳ್ಳಿಬಿಟ್ಟಿವೆ.

ಬೇರೆ ಮೀಟರು ಕೊಳ್ಳೋಣ, ಇದನ್ನು ಹೀಗೇ ಮುಚ್ಚಿಡೋಣ ಎಂದು ಮನಸ್ಸಾಯಿತು. ಕಟ್ಟೆಮಳಲವಾಡಿಯಲ್ಲಿ ಇಳಿದಾಗಲೂ ಅದೇ ಯೋಚನೆ. ಮನೆಗೆ ಬಂದು ಫಾರಮ್ಮನ್ನು ದೇವರ ಗೂಡಿನಲ್ಲಿ, ಅವಳ ಫೋಟೋದ ಪಕ್ಕ ಇಟ್ಟೆ. ಮೀಟರನ್ನು ಉಪ್ಪಿನ ಜಾಡಿಯ ಪಕ್ಕ ಇಟ್ಟೆ. ಪಿರಿಯಾಪಟ್ಟಣದ ಗೆಳೆಯ ಫೋನು ಮಾಡಿ, "ಎಷ್ಟ್ ಬಂತು ಬಾವ?" ಎಂದ. ಹೇಳಿದೆ. "ತಿಂದ್ಕೊಂಡು ಹೋಗಿ ಪಾಸಾದ್ಯಾ? ನೀನು ಮನ್ಸನಲ್ಲ ಬುಡು" ಎಂದ. ಅವನಿಗೂ ಹೆಂಡತಿ ಇದ್ದಾಳೆ. "ನಿಮ್ಮನೇಲಿ ತಂಗ್ಯವ್ವಂಗೆ ಯಾವತ್ತಾರ ಸಕ್ರೆ ನೋಡಿದ್ದೀಯಾ?" ಎಂದು ಕೇಳಿದೆ. "ಅವಳಿಗೇನು ಬಂದದೆ, ಗುಂಡ್ಕಲ್ಲು ಇದ್ದಂಗವ್ಳೆ" ಎಂದು ನಕ್ಕ. ನಾನು ನಗದಿದ್ದುದು ಅವನಿಗೆ ಗೊತ್ತಾಯಿತು. "ನಾಳೆ ನೋಡಿಸ್ತೀನಿ ಕಣೋ" ಎಂದು ಫೋನಿಟ್ಟ.

ಮರುದಿನ ಬೆಳಿಗ್ಗೆ ಕೆ.ಆರ್. ನಗರದಲ್ಲಿ ಲೋಡು ಇತ್ತು. ಮೊದಲು ಟ್ರಿಪ್ ಬುಕ್ಕು ತೆಗೆದು ಗೌರಿ ಹಬ್ಬದ ಹಿಂದಿನ ಆ ದಿನದ ಹಾಳೆ ಹುಡುಕಿದೆ. ನನ್ನ ಕೈಬರಹದಲ್ಲಿ ಇತ್ತು: ಅಕ್ಕಿ, ಕೇರಳ, ಗೇಟು ಆರೂ ಹತ್ತು. ಅದರ ಕೆಳಗೆ ಬರೆದೆ: ಮನೆ, ಬೆಳಿಗ್ಗೆ ಹನ್ನೊಂದು ಗಂಟೆ, ಮುನ್ನೂರ ಎಂಬತ್ತೆರಡು. ಹಾಗೇ ಉಳಿದ ಹತ್ತು ದಿನದ ಕೆಳಗೂ ಬರೆದೆ. ಒಂದಕ್ಕೂ ತಾರೀಕು ತಪ್ಪದ ಹಾಗೆ ಎರಡು ಸಲ ನೋಡಿ ಬರೆದೆ.

ಆಮೇಲೆ ಕೈ ತೊಳೆದು, ಸ್ಟ್ರಿಪ್ಪು ಹಾಕಿ, ಬೆರಳು ಚುಚ್ಚಿಕೊಂಡೆ. ನೂರ ಐವತ್ತೊಂದು ಬಂತು. ರ‍್ಯಾಕಿನಿಂದ ಮುದ್ದೆ ಕೋಲು ಇಳಿಸಿ, ಒಲೆ ಹಚ್ಚಿ, ಚಿಕ್ಕದೊಂದು ಮುದ್ದೆ ಕಟ್ಟಿದೆ.